ಹಳೆಯ ಮಾಡೆಲ್, ಹಸಿ ಅಕ್ಷರ

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಬೆಲೆಯಿಂದ ಶುರು ಮಾಡಿದರೆ ಜಾಹೀರಾತು ಆಗುತ್ತದೆ. ಕಣ್ಣಿನಿಂದ ಶುರು ಮಾಡಿದರೆ ನೀವು ಮೊದಲ ಸಾಲಿಗೇ ಅಯ್ಯೋ ಪಾಪ ಅನ್ನುತ್ತೀರಿ. ಎರಡೂ ಬೇಡ. ಮಧ್ಯಾಹ್ನದ ಬಿಸಿಲು ಗಾಜಿನ ಬಾಗಿಲಲ್ಲಿ ಸೋಸಿ ಬರುವ ಒಂದು ಅಂಗಡಿ ಇರಲಿ.

1

ಬೋರ್ಡ್ ಬರೆಯುವ ಪೇಂಟರ್ ತನ್ನ ಹೆಂಡತಿಯ ಜೊತೆ ಟ್ಯಾಬ್ಲೆಟ್ ಕೊಳ್ಳಲು ಬಂದಿದ್ದಾನೆ. ಮೂವತ್ತೈದು ವರ್ಷ ಗೋಡೆಗಳ ಮೇಲೆ ಬರೆದ ತನ್ನ ಅಕ್ಷರಗಳನ್ನು ಒಂದೂ ಬಿಡದೆ ಅದರಲ್ಲಿ ಬರೆದಿಡಬೇಕು ಎಂಬುದು ಅವನ ಆಸೆ. ಕಣ್ಣು ಮಂಜಾಗುತ್ತಿದೆ, ಟ್ಯಾಬ್ಲೆಟ್ಟಿನಲ್ಲಾದರೆ ಅಕ್ಷರವನ್ನು ಹಿಗ್ಗಿಸಿ ನೋಡಬಹುದು. ಇನ್ನು ಎರಡು ವರ್ಷ ಕಂಡೀತು ಎಂದು ಡಾಕ್ಟರ್ ಹೇಳಿದ್ದಾರೆ. (ನೋಡಿ, ಕಣ್ಣಿನ ವಿಷಯ ಹೇಳಿಯೇಬಿಟ್ಟೆ. ನನ್ನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ.)

2

ಸೇಲ್ಸ್ ಹುಡುಗಿ ಎರಡು ಟ್ಯಾಬ್ಲೆಟ್ ತಂದಿಟ್ಟಳು.

“ಇದು ಹಳೇ ಮಾಡೆಲ್ ಸಾರ್, ಅರ್ಧಕ್ಕರ್ಧ ಡಿಸ್ಕೌಂಟ್. ಆದ್ರೆ ಇನ್ನೆರಡು ವರ್ಷ ಅಷ್ಟೇ ಅಪ್‌ಡೇಟ್ ಬರೋದು. ಹೊಸದಕ್ಕೆ ಏಳು ವರ್ಷ.”

“ಎರಡು ವರ್ಷ ಸಾಕಮ್ಮ,” ಎಂದ ಪೇಂಟರ್. ಅಳತೆ ಸರಿಯಾಗಿ ಕೂತ ಖುಷಿ ಅವನ ಮುಖದಲ್ಲಿತ್ತು.

ಹೆಂಡತಿಯ ಮುಖ ಸಣ್ಣದಾಯಿತು. “ಡಾಕ್ಟರು ಅಂದಾಜು ಹೇಳಿದ್ದು ರೀ. ನೀವು ಆಗ್ಲೇ ಗಂಟುಮೂಟೆ ಕಟ್ಟಿಬಿಟ್ರಲ್ಲ.”

(ಹೊಸದಕ್ಕೆ ಸಾಲುವಷ್ಟು ದುಡ್ಡು ಅವರ ಕೈಯಲ್ಲಿದೆ. ನಾನೇ ಕೊಟ್ಟಿದ್ದೇನೆ, ಬರೆಯುವವನಿಗೆ ಅಷ್ಟಾದರೂ ಧಾರಾಳ ಬೇಡವೇ?)

3

ಅಳಿಸಿದ್ದೇನೆ. ಇಲ್ಲಿ ಹೆಂಡತಿ ಅಳುತ್ತಿದ್ದಳು. ಓದಿ ನೋಡಿ ನನ್ನ ಮೇಲೆ ರೇಗಿದಳು.

“ಅಂಗಡೀಲಿ ನಿಂತು ಅಳೋಳಲ್ಲ ನಾನು. ತೆಗೀರಿ.”

“ಕಥೆಗೆ ಬೇಕಿತ್ತಮ್ಮ.”

“ಬೇಕಿದ್ರೆ ನೀವೇ ಅಳಿ.”

ತೆಗೆದೆ. ಆಮೇಲೆ ಅವಳು ಹೇಳಿದ ಹಾಗೆಯೇ ಆಯಿತು, ಅದನ್ನು ಬರೆಯುವುದಿಲ್ಲ.

4

ಹುಡುಗಿ ಹಳೆಯ ಮಾಡೆಲ್ ತೆರೆದು ಪೆನ್ನು ಕೊಟ್ಟಳು. ಬ್ರಶ್ಶಿನ ಕೂದಲು ಕೂಡಿಸುವ ಅಭ್ಯಾಸದಲ್ಲಿ ಅವನು ಪೆನ್ನಿನ ತುದಿಯನ್ನು ತುಟಿಗೆ ತಾಗಿಸಿಕೊಂಡ. ಕಿರುಬೆರಳು ಊರಿ, ಉಸಿರು ಹಿಡಿದು, ನೀಲಿಯಲ್ಲಿ ಒಂದು ‘ಅ’ ಬರೆದ. ಅಂಗಡಿ ನೀರಿನಡಿಗೆ ಇಳಿದ ಹಾಗೆ ಸದ್ದೆಲ್ಲ ದೂರವಾಯಿತು. ಅಕ್ಷರದ ಹೊಟ್ಟೆಯಲ್ಲಿ ಬಿಸಿಲು ಬಂದು ಕೂತಿತು.

“ಇನ್ನೊಂದು ಕಲರಲ್ಲಿ ಶೇಡ್ ಕೊಡಿ ಸಾರ್.”

“ತಡಿಯಮ್ಮ, ಒಣಗ್ಲಿ.”

ಹುಡುಗಿ ನನ್ನ ಮುಖ ನೋಡಿದಳು. ಇದಕ್ಕೆ ಒಣಗುವುದು ಎಂಬುದೇ ಇಲ್ಲ ಎಂದು ಹೇಳುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಹೆಂಡತಿ ಮಾತ್ರ ಬಗ್ಗಿ, ಗಾಜಿನ ಮೇಲೆ ಮೆಲ್ಲಗೆ ಊದಿದಳು.

ಈಗ ಮುಕ್ತಾಯ. ಹಳೆಯದನ್ನೇ ಕೊಂಡರು, ಕೊನೆಯ ಅಕ್ಷರ ಬರೆದ ದಿನವೇ ಟ್ಯಾಬ್ಲೆಟ್ಟೂ ಕಣ್ಣೂ ಕೆಟ್ಟವು ಎನ್ನಲೇ? ತೀರಾ ಅಚ್ಚುಕಟ್ಟು, ನಂಬಬೇಡಿ. ಹೊಸದನ್ನು ಕೊಂಡರು, ಕಣ್ಣೂ ಏಳು ವರ್ಷ ಬಾಳಿತು ಎನ್ನಲೇ? ನನಗೆ ಇದೇ ಇಷ್ಟ, ಡಾಕ್ಟರ್ ಒಪ್ಪುತ್ತಿಲ್ಲ.

ನಾನು ಹೀಗೆ ಒದ್ದಾಡುತ್ತಿರುವಾಗ ಅವರೇ ಮಾತಾಡಿಕೊಂಡರು.

“ಕಾಣದೆ ಹೋದ್ಮೇಲೆ ಹೊಸದಿಟ್ಕೊಂಡು ನಾನೇನು ಮಾಡ್ಲಿ ಹೇಳು?”

“ಎರಡು ವರ್ಷ ನೀವು ಬರೀರಿ. ಉಳಿದ ಐದು ವರ್ಷ ನಾನು ನೋಡ್ತಾ ಇರ್ತೀನಿ.”

ಅವನ ಬಾಯಿಗೆ ಮಾತು ಹಾಕಲು ನಾನು ಎರಡು ಸಲ ನೋಡಿದೆ, ತುಟಿ ಬಿಚ್ಚಲಿಲ್ಲ.

ಬಿಲ್ ಯಾವುದಕ್ಕೆ ಹಾಕಲಿ ಎಂದು ಹುಡುಗಿ ನನ್ನನ್ನೇ ಕೇಳುತ್ತಿದ್ದಾಳೆ. ಡಿಸ್ಕೌಂಟ್ ಇವತ್ತಿಗೆ ಮುಗಿಯುತ್ತದಂತೆ. ಗಂಡ ಹೆಂಡತಿ ಇಬ್ಬರೂ ಆ ನೀಲಿ ‘ಅ’ದ ಮೇಲೆ ಬಾಗಿ ನಿಂತಿದ್ದಾರೆ. ಅದು ಒಣಗಿದ ಕ್ಷಣದಿಂದ ಆ ಎರಡು ವರ್ಷ ಶುರುವಾಗುತ್ತದೆ. ನಾನಂತೂ ಒಣಗಲು ಬಿಡುವುದಿಲ್ಲ. ನೀವೂ ದಯವಿಟ್ಟು ಮುಟ್ಟಬೇಡಿ.