ಐವತ್ತು ಸಾವಿರದ ಡಬ್ಬಿ

ಊರೆಲ್ಲ ಬುಬು ಎಂದು ಕರೆಯುವ ಅಜ್ಜಿ, ಮೊಮ್ಮಗ ಸೆವನಾಯಾ ಹಡಗಿನಲ್ಲಿ ಕಳಿಸಿದ್ದ ಪವರ್ ಬ್ಯಾಂಕನ್ನು ಅಂಗೈಯಲ್ಲಿಟ್ಟು ತೂಗಿದಳು. ಮೇಲೆ ದಪ್ಪಕ್ಷರದಲ್ಲಿ 50,000 ಎಂದಿತ್ತು.

"ಎಷ್ಟು ಹಗುರ ನೋಡೇ! ಒಳ್ಳೇ ಮಾಲು."

ಆ ಹಗುರವೇ ಮೊಮ್ಮಗಳು ಲಿತಿಯಾಗೆ ಸರಿಕಾಣಲಿಲ್ಲ. ರಾಜಧಾನಿ ಸುವಾದಲ್ಲಿ ಓದಿಬಂದವಳಿಗೆ ಅಷ್ಟು ಕರೆಂಟು ಹಿಡಿಯುವ ಡಬ್ಬಿ ಇಟ್ಟಿಗೆಯಷ್ಟಾದರೂ ಭಾರವಿರಬೇಕೆಂದು ಗೊತ್ತಿತ್ತು. ಆದರೂ ಅಜ್ಜಿಯ ಸಂಭ್ರಮ ನೋಡಿ ಡಬ್ಬಿಯ ವೈರನ್ನು ಬಿಚ್ಚಿಕೊಟ್ಟಳು.

ದೇವರ ದಿನವಾದ ಭಾನುವಾರ ಊರಿನ ಜನರೇಟರ್ ಹಾಕುವಂತಿಲ್ಲ. ಆಸ್ಟ್ರೇಲಿಯಾದಲ್ಲಿ ಹಣ್ಣು ಕೀಳುವ ಸೆವನಾಯಾಗೆ ಬಿಡುವಿರುವುದೂ ಅಂದೇ. ಹೋದ ಸಲ ಅವನ ಮುಖ ಮೂಡುವಷ್ಟರಲ್ಲಿ ಫೋನು ಸತ್ತಿತ್ತು. ಈ ಸಲ ಕಣ್ತುಂಬ ನೋಡಬೇಕೆಂದು ಬುಬು ಶನಿವಾರದ ಕರೆಂಟನ್ನೆಲ್ಲ ಫೋನಿಗೂ ಹಾಕದೆ ಡಬ್ಬಿಗೇ ಮೀಸಲಿಟ್ಟಳು.

ಭಾನುವಾರ ಬೆಳಗ್ಗೆ ಪಕ್ಕದ ಮನೆಯ ವಾಸಿತಿ ಬಂದಳು. "ಕೆರೆಕೆರೆ ಬುಬು, ಸ್ವಲ್ಪ ಫೋನು ಚುಚ್ಕೊಳ್ಳಲಾ?"

ಕೆರೆಕೆರೆ, ಅಂದರೆ ದಯಮಾಡಿ ಕೊಡಿ, ಎಂದು ಕೇಳಿದವರಿಗೆ ಇಲ್ಲವೆನ್ನುವ ಮನೆ ಆ ದ್ವೀಪದಲ್ಲಿಲ್ಲ.

"ಚುಚ್ಚಮ್ಮಾ, ಐವತ್ತು ಸಾವಿರ ಇದೆ!"

"ಬುಬು, ನಮ್ಮದು ಮೊದಲು..." ಲಿತಿಯಾ ಪಿಸುಗುಟ್ಟಿದಳು.

"ಬಂದೋರಿಗಿಂತ ಮುಂಚೆ ಮನೆಯೋರು ತಿಂತಾರೇನೇ? ನಾಚಿಕೆ ಇಲ್ವಾ?"

ವಾಸಿತಿಯ ಫೋನು ತುಂಬಿತು. ಅಜ್ಜಿ ಮೊಮ್ಮಗಳು ಚರ್ಚಿನಿಂದ ಬಂದು ತಮ್ಮದನ್ನು ಚುಚ್ಚಿದರೆ ಡಬ್ಬಿಯ ದೀಪ ಒಮ್ಮೆ ಮಿಣುಕಿ ಆರಿಹೋಯಿತು. ಬುಬು ಅಲ್ಲಾಡಿಸಿದಳು, ಊದಿದಳು.

"ಐವತ್ತು ಸಾವಿರ ಎಲ್ಲೋಯ್ತೇ?"

"ಅದು ಬರೀ ಹೊರಗೆ ಬರ್ದಿರೋದು ಬುಬು. ಒಳಗೆ ಇರಲೇ ಇಲ್ಲ."

"ಪಾಪ, ಹುಡುಗ ಮೋಸಹೋದ," ಎಂದಳು ಬುಬು. ಸತ್ತ ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಲಿತಿಯಾ ಹುಟ್ಟಿದಾಗಿನಿಂದ ಯಾರ ಬಾಗಿಲಲ್ಲೂ ಏನನ್ನೂ ಕೇಳಿದವಳಲ್ಲ. ವಾಸಿತಿಯ ಹೊಸ್ತಿಲಲ್ಲಿ ನಿಂತು ಚಾಪೆಯ ಅಂಚು ನೋಡುತ್ತ, "ಕೆರೆಕೆರೆ ಅತ್ತೆ, ನಿಮ್ಮ ಫೋನು..." ಎಂದಳು.

"ಅಬ್ಬಾ, ನಿನಗೂ ಬಾಯಿದೆಯಾ!" ವಾಸಿತಿ ಎದ್ದೇಬಿಟ್ಟಳು. "ಇದರೊಳಗಿರೋದು ನಿಮ್ಮ ಕರೆಂಟೇ ಅಲ್ವೇನೇ? ನಡಿ."

ಪರದೆಯಲ್ಲಿ ಬಿಸಿಲಿಗೆ ಕಂದಿದ ಸೆವನಾಯಾ ಮೂಡಿದ. ಬುಬು ಅವನ ಕೆನ್ನೆಯನ್ನು ಗಾಜಿನ ಮೇಲೇ ಸವರಿದಳು.

"ಡಬ್ಬಿ ಹೇಗಿದೆ ಬುಬು?"

ಲಿತಿಯಾ ಬಾಯಿ ತೆರೆಯುವಷ್ಟರಲ್ಲಿ ಅವಳ ತೊಡೆಗೆ ಬುಬುವಿನದೊಂದು ಚಿವುಟು ಬಿತ್ತು.

"ಊರೆಲ್ಲ ಅದರಲ್ಲೇ ಮಾತಾಡ್ತಿದೆ ಮಗಾ. ವಾಸಿತೀನ ಕೇಳು."

"ಹೂಂನಪ್ಪಾ, ಮುಗಿಯೋದೇ ಇಲ್ಲ ಅದು," ಎಂದಳು ವಾಸಿತಿ, ನಗು ಬರದಂತೆ ಮುಖ ಬಿಗಿಹಿಡಿದು.

"ಹಾಗಾದ್ರೆ ಇನ್ನೆರಡು ಕಳಿಸ್ತೀನಿ!"

"ಅಯ್ಯೋ ಬೇಡಪ್ಪಾ," ಬುಬು ಗಾಬರಿಯಾದಳು. "ಇದೇ ಖರ್ಚಾಗ್ತಿಲ್ಲ. ಅದೆಲ್ಲ ಬಿಡು, ಊಟ ಆಯ್ತಾ?"