ಎರಡು ಪಾಯಿಂಟ್ ಒಂದು ವೋಲ್ಟ್

ಮಧ್ಯಾಹ್ನ ಒಂದು ಗಂಟೆಗೆ ಪಕ್ಕದ ಬಡಗಿ ಅಂಗಡಿಯ ಗರಗಸದ ಯಂತ್ರ ನಿಂತಿತೆಂದರೆ, ದೊಡ್ಡಪ್ಪನ ವರ್ಕ್‌ಶಾಪಿನಲ್ಲಿ ಎಲ್ಲರೂ ಉಸಿರು ಬಿಗಿಹಿಡಿಯುವ ಹೊತ್ತು ಬಂತೆಂದೇ ಅರ್ಥ. ಬಡಗಿಗಳು ಉಂಡು, ಒಂದಿಷ್ಟು ಅಡ್ಡಾಗಿ, ಎರಡಕ್ಕೆ ಮತ್ತೆ ಮರ ಕೊಯ್ಯಲು ಶುರು ಮಾಡುವವರೆಗೆ ಬೀದಿಯಲ್ಲಿ ಸದ್ದಿರುವುದಿಲ್ಲ. ಕೇಳುವುದಿದ್ದರೆ ಅಷ್ಟರೊಳಗೇ ಕೇಳಬೇಕು. ಫ್ಯಾನ್ ಆರಿಸಬೇಕು, ಫ್ರಿಜ್ಜಿನ ಪ್ಲಗ್ ಕೀಳಬೇಕು, ಗೋಡೆ ಗಡಿಯಾರವನ್ನು ಮಗುವಿನಂತೆ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಮಲಗಿಸಬೇಕು.

“ಮನೇಲಿ ನಾನು ಹತ್ತು ಸಲ ಕೂಗಿದ್ರೂ ಓಗೊಡಲ್ಲ. ಇಲ್ಲಿ ಗಡಿಯಾರ ಟಿಕ್ ಅಂದ್ರೆ ಮಹಾರಾಯರಿಗೆ ತಲೆನೋವು!” ಎಂದು ದೊಡ್ಡಮ್ಮ ಕಾಫಿ ಇಟ್ಟು ಹೋಗುತ್ತಿದ್ದರು.

ಆ ವರ್ಕ್‌ಶಾಪಿನಲ್ಲಿ ತಯಾರಾಗುತ್ತಿದ್ದದ್ದು ಡ್ಯಾಕ್ ಎಂಬ ಪೆಟ್ಟಿಗೆ. ಕಂಪ್ಯೂಟರಿನಲ್ಲೋ ಡಿಸ್ಕಿನಲ್ಲೋ ಬರೀ ಅಂಕೆಗಳಾಗಿ ಬಿದ್ದಿರುವ ಸಂಗೀತವನ್ನು ಮತ್ತೆ ನಾದವಾಗಿಸುವ ಪೆಟ್ಟಿಗೆ. ಅಂಥದ್ದು ಎಲ್ಲರ ಫೋನಿನಲ್ಲೂ ಉಗುರಿನಷ್ಟು ಗಾತ್ರದಲ್ಲಿ ಇದ್ದೇ ಇರುತ್ತದೆ. ದೊಡ್ಡಪ್ಪನದು ಇಬ್ಬರು ಹಿಡಿದು ಎತ್ತುವಷ್ಟು ಭಾರ. ಅದರ ಬೋರ್ಡಿನ ಮೇಲೆ ಅಕ್ಕಿಕಾಳಿನಂಥ ನೂರಾರು ರೆಸಿಸ್ಟರ್‌ಗಳು, ಒಂದರಂತೆ ಇನ್ನೊಂದು ಇರಲೇಬೇಕು. ಆ ಅಕ್ಕಿ ಆರಿಸುವ ಕೆಲಸ ಅವನ ತಮ್ಮನ ಮಗಳದು. ಡಿಗ್ರಿ ಮುಗಿಸಿ ಬಂದವಳು, ಎಲ್ಲಿಗೂ ಹೋಗಿ ಕೆಲಸ ಕೇಳಲು ಬಾಯಿಲ್ಲದೆ ಇಲ್ಲೇ ಉಳಿದಿದ್ದಳು. ಪೆಟ್ಟಿಗೆ ಮಾರುವ ಅಣ್ಣ, ದೊಡ್ಡಪ್ಪನ ಮಗ, ಅವಳನ್ನು “ಪಿಸು” ಎಂದು ಕರೆಯುತ್ತಿದ್ದ. ಅವಳು ಪಿಸುಗುಟ್ಟಿದ್ದೇ ಹೆಚ್ಚು, ಮಾತಾಡಿದ್ದು ಕಡಿಮೆ. ಅಳತೆ ಅವಳದು, ತೀರ್ಪು ದೊಡ್ಡಪ್ಪನದು. ಮೀಟರ್ ಏನೇ ಹೇಳಲಿ, ಅವನ ಕಿವಿ ಒಪ್ಪದೆ ಒಂದು ಪೆಟ್ಟಿಗೆಯೂ ಹೊಸ್ತಿಲು ದಾಟಿದ್ದಿಲ್ಲ.

ಆ ಕಿವಿಗೇ ಈಗ ಗ್ರಹಚಾರ ಬಡಿದಿತ್ತು. ಬಲಗಿವಿಯ ನರ ಒಣಗುತ್ತಿದೆ, ಎಡಗಿವಿಯೂ ಅದರ ಹಿಂದೆಯೇ ಹೊರಟಿದೆ, ಹೆಚ್ಚೆಂದರೆ ಆರು ತಿಂಗಳು ಎಂದು ಡಾಕ್ಟರು ಹೇಳಿದ್ದರು. ಹಳೆಯ ಬೋರ್ಡಿಗೆ ಬೇಕಾದ ರೆಸಿಸ್ಟರ್ ಮಾಡುತ್ತಿದ್ದ ಕಾರ್ಖಾನೆ ಮುಚ್ಚಿ ವರ್ಷಗಳಾಗಿದ್ದವು. ಹೊಸ ಬೋರ್ಡು ಆಗಲೇಬೇಕಿತ್ತು. “ಇದೊಂದನ್ನ ಸರಿಯಾಗಿ ಮಾಡಿಟ್ಟು ಕಿವಿ ಮುಚ್ಚಿಕೊಳ್ತೀನಿ” ಎನ್ನುತ್ತಿದ್ದ ದೊಡ್ಡಪ್ಪ. ಬೇರೆ ಯಾವ ಆಸೆಯನ್ನೂ ಅವನು ಬಾಯಿಬಿಟ್ಟು ಹೇಳಿದ್ದನ್ನು ಅವಳು ಕೇಳಿರಲಿಲ್ಲ.

ಐದು ಸಲ ಮಾಡಿಕೊಟ್ಟಳು. ಐದು ಸಲವೂ ಕೇಳಿ ತಲೆಯಾಡಿಸಿದ. “ಎಲ್ಲಾ ಇದೆ ಕಣೇ. ಆದ್ರೆ ಬಂದಿಲ್ಲ.” ಏನು ಬಂದಿಲ್ಲವೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಆರನೆಯ ಸಲ, ಪೆಟ್ಟಿಗೆಯಿಂದ ನಾದ ಹೊರಗೆ ಹೋಗುವ ಕಡೆಯ ಹಂತದಲ್ಲಿ ಅವಳು ಒಂದೇ ಒಂದು ರೆಸಿಸ್ಟರ್ ಬದಲಾಯಿಸಿದಳು. ಬೇಕಾದದ್ದು ಸಿಕ್ಕಿರಲಿಲ್ಲ, ಪಕ್ಕದ ಅಳತೆಯದನ್ನು ಹಾಕಿದಳು. ನಾದದಲ್ಲಿ ಬೆರೆಯುವ ಕಲಬೆರಕೆ ಸದ್ದು ಇನ್ನೂ ಕಡಿಮೆಯಾಗಿರುವುದನ್ನು ಮೀಟರಿನಲ್ಲಿ ನೋಡಿ ಹಿಗ್ಗಿದಳು. ಆ ಹಿಗ್ಗಿನಲ್ಲಿ ಮತ್ತೊಂದು ಅಳತೆ ಬಿಟ್ಟುಹೋಯಿತು.

ಮರುದಿನ ಒಂದು ಗಂಟೆಗೆ ಕುರ್ಚಿಯಲ್ಲಿ ಕೂತ ದೊಡ್ಡಪ್ಪ ಎರಡೇ ನಿಮಿಷಕ್ಕೆ ತೊಡೆ ತಟ್ಟಿ ಎದ್ದುನಿಂತ. “ಬಂತು! ಬಂತಲ್ಲೇ!”

ಅಣ್ಣ ಸುದ್ದಿ ಹಬ್ಬಿಸಿದ. ಹಳೆಯ ಪೆಟ್ಟಿಗೆ ಕೊಂಡಿದ್ದವರು ಒಬ್ಬೊಬ್ಬರಾಗಿ ತಮ್ಮದನ್ನು ಕಳಿಸಿಕೊಟ್ಟರು. ಹದಿನೆಂಟು ಪೆಟ್ಟಿಗೆ. ಹಳೆಯ ಬೋರ್ಡು ತೆಗೆದು ಹೊಸದು ಕೂರಿಸುವುದು ಅವಳ ಕೆಲಸ. ತೆಗೆದದ್ದನ್ನು ಮೇಜಿನ ಅಂಚಿಗೆ ಒತ್ತಿ ಲಟಕ್ಕನೆ ಎರಡು ತುಂಡು ಮಾಡುವುದು ದೊಡ್ಡಪ್ಪನ ಪದ್ಧತಿ. ತನ್ನ ಬೋರ್ಡು ಯಾರದೋ ಕೈಗೆ ಸಿಕ್ಕಿ ಯಾವುದೋ ಹರಕು ಪೆಟ್ಟಿಗೆಯಲ್ಲಿ ಕೂತು ತನ್ನ ಮಾನ ಕಳೆಯಬಾರದು ಎಂದು ಮೊದಲಿನಿಂದಲೂ ಹಾಗೇ ಮಾಡಿಕೊಂಡು ಬಂದಿದ್ದ. ಹದಿನೆಂಟನ್ನೂ ಮುರಿದ. ಹೋಲಿಕೆಗೆಂದು ಇಟ್ಟುಕೊಂಡಿದ್ದ ಒಂದೇ ಒಂದು ಹಳೆಯ ಬೋರ್ಡು ಉಳಿಯಿತು.

ಎಲ್ಲರೂ ಹೊಗಳಿ ಬರೆದರು. ಸಂಗೀತದ ಮೇಷ್ಟ್ರೊಬ್ಬರು ಮಾತ್ರ ಮೂರು ವಾರ ಸುಮ್ಮನಿದ್ದು ಫೋನ್ ಮಾಡಿದರು. ಎತ್ತಿಕೊಂಡವಳು ಅವಳೇ.

“ಬೇಜಾರು ಮಾಡ್ಕೋಬೇಡಮ್ಮ. ಮೊದಲು ಬಹಳ ಖುಷಿಯಾಯ್ತು. ಆಮೇಲೆ ಯಾಕೋ ಚೂರು ಜೋರು ಅನ್ನಿಸಿ ವಾಲ್ಯೂಮ್ ಒಂಚೂರು ತಗ್ಗಿಸಿದೆ. ತಗ್ಗಿಸಿದ್ದೇ ತಗ್ಗಿಸಿದ್ದು, ಏನೋ ಹೊರಟೇಹೋಯ್ತು. ಪಾಠ ಒಪ್ಪಿಸೋ ಹುಡುಗರ ಥರ ಹಾಡ್ತಿದೆ. ನಂದು ಹಳೇದನ್ನೇ ಹಾಕಿಕೊಟ್ಟುಬಿಡ್ತೀರಾ?”

ಜೋರು? ಫೋನಿಟ್ಟವಳೇ ಎರಡೂ ಬೋರ್ಡುಗಳಿಗೆ ಮೀಟರ್ ಹಚ್ಚಿದಳು. ಹಳೆಯದು ಎರಡು ವೋಲ್ಟ್. ಹೊಸದು ಎರಡು ಪಾಯಿಂಟ್ ಒಂದು. ವೋಲ್ಟ್ ಹೆಚ್ಚಿದಷ್ಟೂ ನಾದ ಜೋರು.

ಎರಡು ಪೆಟ್ಟಿಗೆಗಳನ್ನು ಹೋಲಿಸುವ ಮೊದಲು ಎರಡರ ಜೋರೂ ಸಮ ಇದೆಯೇ ನೋಡಬೇಕು. ಈ ಕೆಲಸದಲ್ಲಿ ಅಆಇಈ ಅಂದರೆ ಅದೇ. ಕೂದಲೆಳೆಯಷ್ಟು ಜೋರಾಗಿರುವುದನ್ನು ಯಾರ ಕಿವಿಯೂ ಜೋರು ಎಂದು ಗುರುತಿಸುವುದಿಲ್ಲ, ಚೆನ್ನಾಗಿದೆ ಎಂದು ಮೋಸಹೋಗುತ್ತದೆ. ಮೊದಲ ಐದು ಸಲವೂ ಸಮ ಮಾಡಿಯೇ ಕೇಳಿಸಿದ್ದಳು. ಆರನೆಯ ಸಲ, ಆ ರೆಸಿಸ್ಟರ್ ಬದಲಾಯಿಸಿದ ಮೇಲೆ, ಮರೆತಿದ್ದಳು. ದೊಡ್ಡಪ್ಪ ಕುಣಿದಾಡಿದ್ದು ಪಾಯಿಂಟ್ ಒಂದು ವೋಲ್ಟಿಗೆ.

ಎರಡು ದಿನ, ಹೇಳಬೇಕು ಎಂದುಕೊಂಡು ದೊಡ್ಡಪ್ಪನ ಮುಂದೆ ನಿಲ್ಲುವಳು, ಸ್ಕ್ರೂಡ್ರೈವರ್ ಎಲ್ಲಿದೆ ಎಂದು ಕೇಳಿ ವಾಪಸ್ಸು ಬರುವಳು. ಸ್ಕ್ರೂಡ್ರೈವರ್ ಅವಳ ಕೈಯಲ್ಲೇ ಇರುತ್ತಿತ್ತು. ಮೂರನೆಯ ದಿನ, “ದೊಡ್ಡಪ್ಪಾ, ಇನ್ನೊಂದ್ಸಲ ಎರಡನ್ನೂ ಕೇಳಿಬಿಡಿ” ಎಂದಳು.

“ಬಂತು ಅಂದ್ಮೇಲೆ ಇನ್ನೇನೇ?”

“ಸುಮ್ನೆ. ಕಿವಿ ಇನ್ನೂ ಚೆನ್ನಾಗಿರುವಾಗ.”

ಅವನು ನಕ್ಕ. “ನೋಡು, ಈಗೀಗ ನಿಂಗೂ ಮಾತು ಬರ್ತಿದೆ!”

ಗರಗಸ ನಿಂತಿತು. ಗಡಿಯಾರ ಬಚ್ಚಲು ಸೇರಿತು. ಈ ಸಲ ಜೋರನ್ನು ಕೂದಲೆಳೆಯೂ ಹೆಚ್ಚುಕಡಿಮೆಯಾಗದಂತೆ ಸಮ ಮಾಡಿ, ಅವಳು ಪರದೆಯ ಹಿಂದೆ ಕೂತಳು. ಹತ್ತು ಸರದಿ. ಪ್ರತಿ ಸರದಿಗೂ ಮೊದಲೊಂದು, ಆಮೇಲೊಂದು. ಯಾವುದು ಮೊದಲು ಎಂಬುದು ಅವಳ ನೋಟ್‌ಬುಕ್ಕಿಗೆ ಮಾತ್ರ ಗೊತ್ತು. ಅವನು ಕಣ್ಣು ಮುಚ್ಚಿಕೊಂಡು, ಒಪ್ಪಿಗೆಯಾದದ್ದಕ್ಕೆ ಒಂದು ಬೆರಳನ್ನೋ ಎರಡು ಬೆರಳನ್ನೋ ಎತ್ತುತ್ತಿದ್ದ. ಬೆರಳು ಒಮ್ಮೆಯೂ ಅನುಮಾನಿಸಲಿಲ್ಲ. ಅವಳು ಬರೆಯುತ್ತ ಹೋದಳು. ಏಳನೆಯ ಸರದಿಯಾದ ಮೇಲೆ, ಬರೆದದ್ದನ್ನೆಲ್ಲ ಮೊದಲಿನಿಂದ ಮತ್ತೊಮ್ಮೆ ನೋಡಿದಳು.

“ಪರವಾಗಿಲ್ಲ ಕಣೇ, ಈ ಕಿವಿ ಇನ್ನೂ ಸತ್ತಿಲ್ಲ” ಎಂದ, ಮುಗಿದ ಮೇಲೆ. ಮುಖದಲ್ಲಿ ಎಂದೂ ಇಲ್ಲದ ಕಳೆ. “ಒಂದರಲ್ಲಿ ಜೀವ ಇದೆ, ಒಂದರಲ್ಲಿ ಇಲ್ಲ. ಹಗಲು ರಾತ್ರಿ ಇದ್ದಂಗಿದೆ. ಎಷ್ಟು ಸರಿ ಬಂತು ಹೇಳು.”

ಅವಳು ನೋಟ್‌ಬುಕ್ಕನ್ನೇ ಅವನ ತೊಡೆಯ ಮೇಲಿಟ್ಟಳು. ಹತ್ತರಲ್ಲಿ ಒಂಬತ್ತು ಸಲ ಅವನು ಬೆರಳೆತ್ತಿದ್ದು ಹಳೆಯದಕ್ಕೆ.

ಅವನು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲು ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದ.

“ಆವತ್ತು ಜೋರು ಸಮ ಮಾಡಿರ್ಲಿಲ್ಲ ದೊಡ್ಡಪ್ಪಾ” ಎಂದಳು. “ಮರೆತೆ. ನಂದೇ ತಪ್ಪು.”

“ಎಷ್ಟಿತ್ತು?”

“ಪಾಯಿಂಟ್ ಒಂದು ವೋಲ್ಟ್.”

“ಪಾಯಿಂಟ್ ಒಂದು” ಎಂದ. ಬೈಯುತ್ತಾನೆ ಎಂದು ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಎದ್ದು ಕಿಟಕಿಯವರೆಗೆ ಹೋಗಿ ಅಲ್ಲೇನೂ ಕೆಲಸವಿಲ್ಲದೆ ವಾಪಸ್ಸು ಬಂದ. “ಹದಿನೆಂಟೂ ಮುರಿದೆ. ಈ ಕೈಯಲ್ಲೇ.”

“ಇನ್ನೊಂದು ಮಾಡೋಣ. ಆರು ತಿಂಗಳಿದೆಯಲ್ಲ.”

“ಆರು ತಿಂಗಳು ಅಂದಿದ್ದು ಯಾವಾಗ? ನಾಲ್ಕು ಕಳೀತು. ಮೊನ್ನೆಯಿಂದ ಎಡಗಿವೀಲೂ ಗುಂಯ್ ಅಂತಿದೆ.” ಅವಳತ್ತ ತಿರುಗಿದ. “ನೀನು ಮಾಡು. ನನ್ನ ಕಿವಿ ಇಲ್ಲದಿದ್ರೇನು, ನೀನು ಕೇಳಿ ಸರಿಮಾಡು. ಕೂತ್ಕೋ ಇಲ್ಲಿ.”

ಅವಳನ್ನು ಕುರ್ಚಿಯಲ್ಲಿ ಕೂರಿಸಿ, ತಾನು ಪರದೆಯ ಹಿಂದೆ ಹೋದ. ಒಂದು ಹೆಣ್ಣುದನಿ ಹಾಡಿತು. ನಿಂತಿತು. ಮತ್ತೆ ಅದೇ ದನಿ, ಅದೇ ಸಾಲು. ಅವಳು ಕಣ್ಣು ಬಿಗಿಯಾಗಿ ಮುಚ್ಚಿ, ಮೈಯೆಲ್ಲ ಕಿವಿಯಾಗಿ ಕೇಳಿದಳು. ಅವನು ಮತ್ತೆ ಮತ್ತೆ ಬದಲಾಯಿಸಿದ.

“ಕೇಳಿಸ್ತಾ? ಉಸಿರು ತಗೊಳ್ತಾಳಲ್ಲ, ಅಲ್ಲಿ?”

ಇಷ್ಟು ವರ್ಷ ಇಂಥ ಪ್ರಶ್ನೆಗೆಲ್ಲ ಅವಳು “ಹೂಂ” ಎಂದಿದ್ದಳು. ಹೂಂ ಎಂದದ್ದಕ್ಕೇ ಅವನು ಊರೆಲ್ಲ ಹೇಳಿಕೊಂಡು ತಿರುಗಿದ್ದ: ನಮ್ಮ ಹುಡುಗಿಗೆ ನನ್ನದೇ ಕಿವಿ ಬಂದಿದೆ ಎಂದು.

“ಇಲ್ಲ ದೊಡ್ಡಪ್ಪಾ” ಎಂದಳು. “ಎರಡೂ ಒಂದೇ ಥರ ಇದೆ. ಯಾವತ್ತೂ ನಂಗೆ ಕೇಳ್ಸಿಲ್ಲ.”

ಹಾಡು ಮುಗಿಯುವವರೆಗೂ ಅವನು ಅದನ್ನು ನಿಲ್ಲಿಸಲಿಲ್ಲ. ಹೊರಗೆ ಬಂದಾಗ ಒಂದೇ ಮಾತು ಹೇಳಿದ: “ಉಳಿದಿರೋ ಹಳೇದನ್ನ ಮೇಷ್ಟ್ರ ಪೆಟ್ಟಿಗೆಗೆ ಹಾಕು. ಬಾಕಿ ಹದಿನೇಳು ಜನಕ್ಕೂ ಇದ್ದದ್ದು ಇದ್ದ ಹಾಗೆ ಬರಿ.”

“ತಪ್ಪು ನಂದು ಅಂತ ಬರೀತೀನಿ.”

“ಬಂತು ಅಂತ ಕುಣಿದೋನು ನಾನು. ನನ್ನ ಹೆಸರಲ್ಲೇ ಬರಿ.”

ಬೇಡ ಬೇಡವೆಂದು ಅಣ್ಣ ತಲೆ ಚಚ್ಚಿಕೊಂಡ. “ನಮ್ಮ ಕಾಲ್ಮೇಲೆ ನಾವೇ ಕಲ್ಲು ಹಾಕ್ಕೊಳ್ತಿದೀವಿ, ಪಿಸು!” ಅವಳು ಬರೆದಳು. ಹೊಸ ಬೋರ್ಡು ಹಳೆಯದಕ್ಕಿಂತ ಉತ್ತಮವಲ್ಲ, ತುಸು ಜೋರಾಗಿದ್ದುದರಿಂದ ಉತ್ತಮವೆನಿಸಿತು, ನಿಮ್ಮ ಹಳೆಯದನ್ನು ಹಿಂತಿರುಗಿಸಲಾರೆವು, ಕ್ಷಮಿಸಿ. ಮೇಷ್ಟ್ರು ತಮ್ಮ ಪೆಟ್ಟಿಗೆಯನ್ನು ಒಯ್ದ ದಿನ ಸಂಜೆಗೇ ಫೋನ್ ಮಾಡಿದರು. ಹತ್ತು ನಿಮಿಷ ಮಾತಾಡಿದರು. ದೊಡ್ಡಪ್ಪನಿಗೆ ಅದರಲ್ಲಿ ಅರ್ಧ ಕೇಳಿಸಲಿಲ್ಲ. ಆ ಅರ್ಧವನ್ನು ಅವಳು ಅವನ ಎಡಗಿವಿಯ ಹತ್ತಿರ ಗಟ್ಟಿಯಾಗಿ ಹೇಳಬೇಕಾಯಿತು.

ತಿಂಗಳೊಳಗೆ ಹನ್ನೊಂದು ಉತ್ತರ ಬಂದವು. ಅಣ್ಣ ಒಂದೊಂದನ್ನೇ ಓದುತ್ತ ಹೊಟ್ಟೆ ಹಿಡಿದುಕೊಂಡು ನಕ್ಕ. “ಕೇಳು, ಕೇಳು. ‘ನಿಮ್ಮ ವಿನಯಕ್ಕೆ ತಲೆಬಾಗಿದೆ, ಆದರೆ ಹೊಸದರ ಮುಂದೆ ಹಳೆಯದು ಏನೇನೂ ಅಲ್ಲ.’ ಇವರು ‘ಎಷ್ಟು ಕೊಟ್ಟರೂ ಇದನ್ನು ವಾಪಸ್ಸು ಕೊಡಲ್ಲ’ ಅಂತಾರೆ. ಇವರ ಇಬ್ಬರು ಸ್ನೇಹಿತರಿಗೂ ಬೇಕಂತೆ! ನೀನು ಬೇಡ ಅಂದಷ್ಟೂ ಬೇಕು ಅಂತಾರೆ ನೋಡು ಜನ.”

ದೊಡ್ಡಪ್ಪ ಕಾಗದಗಳನ್ನು ಈಸಿಕೊಂಡು ತಾನೇ ಓದಿದ. ಈಗ ಅವನಿಗೆ ಓದುವುದೇ ಸಲೀಸು. ಹನ್ನೊಂದನ್ನೂ ಓದಿ, ಅಂಚು ಕೂಡಿಸಿ ಮೇಜಿನ ಮೇಲಿಟ್ಟ.

“ಒಬ್ಬನಾದ್ರೂ ಬೈದಿದ್ರೆ...” ಎಂದ. ದನಿ ತನಗೇ ಕೇಳಿಸದೆ ಜೋರಾಗಿ ಬಂತು. “ಒಬ್ಬ ಮೇಷ್ಟ್ರಿಗೋಸ್ಕರ ಮಾಡ್ದೆನಾ ನಾನು ಇಷ್ಟು ವರ್ಷ?”

ಅಣ್ಣನ ನಗು ಅಲ್ಲಿಗೇ ನಿಂತಿತು. ಅವಳು ಕಾಗದಗಳನ್ನು ತನ್ನತ್ತ ಎಳೆದುಕೊಂಡು, ಒಂದು ಚೀಟಿಯ ಮೇಲೆ ಬರೆದು ತೋರಿಸಿದಳು: ಇವರಿಗೆ ಏನಂತ ಉತ್ತರ ಬರೀಲಿ?

ಅವನು ಚೀಟಿಯನ್ನು ನೋಡಿದ.

“ಥ್ಯಾಂಕ್ಸ್ ಅಂತ ಬರಿ. ಇನ್ನೇನು ಬರೀತೀಯ.”

ಅವಳು ಹನ್ನೊಂದು ಸಲ ಅದನ್ನೇ ಬರೆದಳು.