ಸರದಿ ತಪ್ಪಿಸಿದ ಸ್ಕ್ಯಾನ್

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳವನ್ನು ಕತ್ತರಿಸಿ, ಕೃತಕ ನಾಳ ಹೊಲಿದು ಮೂರು ತಿಂಗಳಾದರೂ ಅಣ್ಣನ ಜ್ವರ ಬಿಟ್ಟಿರಲಿಲ್ಲ. ಹೊಲಿಗೆ ಎಲ್ಲಾದರೂ ಸೋರುತ್ತಿದೆಯೇ ನೋಡೋಣ ಎಂದು ಸರ್ಜನ್ ಸ್ಕ್ಯಾನ್ ಬರೆದುಕೊಟ್ಟರು. ಆ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವವರಲ್ಲಿ ನಾನೂ ಒಬ್ಬಳು.

ನಮ್ಮ ವಿಭಾಗಕ್ಕೆ ಒಂದು ಹಾಳು ಚಾಳಿಯಿದೆ. ಸಿಬ್ಬಂದಿಯ ಮನೆಯವರನ್ನು ಸರದಿಯಲ್ಲಿ ಕೂರಿಸುವುದಿಲ್ಲ, ಇಬ್ಬರು ರೋಗಿಗಳ ನಡುವೆ ತೂರಿಸುತ್ತೇವೆ. ಹಾಗೆ ಬಂದವರ ಎದೆಗೆ ಇಸಿಜಿ ವೈರು ಅಂಟಿಸಿ, ಹೃದಯದ ಬಡಿತಕ್ಕೆ ಹೊಂದಿಸಿ ಚಿತ್ರ ತೆಗೆಯಲು ಪುರುಸೊತ್ತಿರುವುದಿಲ್ಲ. ವೈರಿಲ್ಲದಿದ್ದರೆ ಹೃದಯದ ಪಕ್ಕದ ಹೊಲಿಗೆ ಮಸುಕಾಗಿ ಬರುತ್ತದೆ. ನನಗಿದು ಗೊತ್ತಿಲ್ಲದ್ದೇನಲ್ಲ.

"ವೈರು ಗೀರು ಬೇಡ್ವೇನೇ? ಹೋದ್ಸಲ ಹಾಕಿದ್ರಲ್ಲ" ಎಂದ ಅಣ್ಣ, ಟೇಬಲ್ ಮೇಲೆ ಮಲಗಿ.

"ಅದೆಲ್ಲಾ ಹೊರಗಿನವ್ರಿಗೆ. ನೀನು ಸುಮ್ನೆ ಉಸಿರು ಹಿಡ್ಕೋ."

ಐದೇ ನಿಮಿಷ. ಗೊಣಗುತ್ತ ಕೂತಿದ್ದ ಇಪ್ಪತ್ತು ಜನರ ಮುಂದೆ ಅಣ್ಣ ಮದುವಣಿಗನ ಹಾಗೆ ನಡೆದುಹೋದ. ನನಗೂ ಒಳಗೊಳಗೇ ಹೆಮ್ಮೆ, ಸುಳ್ಳು ಯಾಕೆ ಹೇಳಲಿ.

ವರದಿ ಬರೆಯುವ ಡಾಕ್ಟರು, "ಹೊಲಿಗೆಯ ಬಳಿ ಮಸುಕಿದೆ, ಬಡಿತದಿಂದ ಇರಬಹುದು. ಸೋರಿಕೆ ಕಾಣುತ್ತಿಲ್ಲ" ಎಂದು ಬರೆದರು. ಕಾಣುತ್ತಿಲ್ಲ ಎಂದದ್ದನ್ನು ಮನೆಯವರೆಲ್ಲ ಇಲ್ಲ ಎಂದೇ ಓದಿಕೊಂಡರು. ನಾನು ತಿದ್ದಲಿಲ್ಲ.

ಹದಿನೆಂಟನೆಯ ದಿನ ಅಣ್ಣ ಕೆಮ್ಮಿದಾಗ ರಕ್ತ ಬಂತು. ಈ ಸಲ ವೈರು ಅಂಟಿಸಿದೆ. ಎರಡು ಸಲ ಕಿತ್ತುಬಂತು, ಮತ್ತೆ ಅಂಟಿಸಿದೆ. ಪರದೆಯ ಮೇಲೆ ಹೊಲಿಗೆ ಸ್ಪಷ್ಟವಾಗಿ ಕಂಡಿತು, ಅದರ ಪಕ್ಕದಲ್ಲೇ ನಿಂಬೆಹಣ್ಣಿನಷ್ಟು ದೊಡ್ಡ ರಕ್ತದ ಚೀಲವೂ.

"ಹೋದ್ಸಲವೇ ಸಿಕ್ಕಿದ್ರೆ ಉಳಿಸ್ಕೋಬಹುದಿತ್ತು" ಎಂದರು ಸರ್ಜನ್. "ಈಗ ಹೇಳಕ್ಕಾಗಲ್ಲ. ಆ ಸ್ಕ್ಯಾನ್ ಮಾಡಿದ್ದು ಯಾರು?"

ನಾನು ಪರದೆಯತ್ತ ತಿರುಗಿ ಹೊಸ ಚಿತ್ರಗಳನ್ನು ಆಪರೇಷನ್ ಥಿಯೇಟರಿಗೆ ಕಳಿಸಿದೆ. ಅಣ್ಣ ಆಪರೇಷನ್ ಟೇಬಲ್‌ನಿಂದ ಏಳಲಿಲ್ಲ.

ಮಾತಾಡಿಸಲು ಬಂದವರಿಗೆಲ್ಲ ಅತ್ತಿಗೆ ಹೇಳುತ್ತಿದ್ದಳು, "ನಮ್ ಕಡೆಯಿಂದ ಏನೂ ಕಮ್ಮಿ ಮಾಡ್ಲಿಲ್ಲ. ನಾದಿನಿ ಇದ್ದಿದ್ಕೆ ಅವ್ರು ಒಂದಿನಾನೂ ಕ್ಯೂನಲ್ಲಿ ಕೂರ್ಲಿಲ್ಲ."

ಅಷ್ಟರಲ್ಲಿ ಪಕ್ಕದ ಮನೆಯಾಕೆ ನನ್ನ ಹತ್ತಿರ ಸರಿದು ಪಿಸುಗುಟ್ಟಿದರು, "ನಮ್ಮನೆಯವ್ರದ್ದೂ ಒಂದು ಸ್ಕ್ಯಾನ್ ಇದೆಯಮ್ಮಾ. ಹಂಗೇ ನಡುವೆ ಸೇರಿಸ್ಕೊಡ್ತೀಯಾ?"

"ಆಗಲ್ಲ. ಸರದೀಲೇ ಬರ್ಲಿ."

ಅವರ ಮುಖ ಗಂಟಾಯಿತು. "ಅಣ್ಣಂಗೊಂದು ನ್ಯಾಯ, ನಮಗೊಂದು ನ್ಯಾಯ" ಎಂದರು.

"ಹೌದು" ಎಂದೆ.